ಆರರಿಂದ ಎಂಟು ಜನ ಸೇರುವ ಗುಂಪಿಗೆ ಯಾವ ಬೋರ್ಡ್ ಗೇಮ್, ಯಾವ ಕಾರ್ಡ್ ಗೇಮ್ ಕೊಳ್ಳಬೇಕು?

ಕುಕ್ಕರಹಳ್ಳಿಯವ

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನಾವು ಕೆಲವು ಗೆಳೆಯರು ಮತ್ತು ಅವರ ಮನೆಯವರು ಭಾನುವಾರ ಮಧ್ಯಾಹ್ನದ ಊಟ ಮುಗಿಸಿಕೊಂಡು ಯಾರಾದರೊಬ್ಬರ ಮನೆಯಲ್ಲಿ ಸೇರಿ, ಸಂಜೆಯ ಕಾಫಿಯವರೆಗೆ ಆಟವಾಡುವ ರೂಢಿ ಮಾಡಿಕೊಂಡಿದ್ದೇವೆ. ಸಾಮಾನ್ಯವಾಗಿ ಆರರಿಂದ ಎಂಟು ಜನ ಇರುತ್ತೇವೆ. ಅವರಲ್ಲಿ ಇಬ್ಬರು ಕಾಲೇಜಿನಲ್ಲಿ ಓದುತ್ತಿರುವವರು. ಮೂವರು ರಮ್ಮಿ ಮತ್ತು ಇಪ್ಪತ್ತೆಂಟು ಎಂಬ ಇಸ್ಪೀಟಾಟಗಳನ್ನು ಆಡಿ ಪಳಗಿದವರು. ಒಬ್ಬರು ನಿವೃತ್ತ ಶಿಕ್ಷಕಿ. ಮೇಡಂ ಅವರಿಗೆ ಇಂಗ್ಲಿಷ್ ಬಾರದೆಂದಲ್ಲ, ಆದರೆ ಕಾರ್ಡಿನ ಮೇಲೆ ಇರುವೆ ಸಾಲಿನಂತೆ ಅಚ್ಚಾಗಿರುವ ಇಂಗ್ಲಿಷ್ ವಾಕ್ಯಗಳನ್ನು ಓದಿ, ಅರ್ಥ ಮಾಡಿಕೊಂಡು, ಅನಂತರ ಎಲೆ ಇಳಿಸಬೇಕೆಂದರೆ ಆಟದ ಸುಖವೇ ಹೋಗುತ್ತದೆ ಎಂದು ಅವರು ಹೇಳುತ್ತಾರೆ. ಆ ಮಾತನ್ನು ನಾನೂ ಒಪ್ಪುತ್ತೇನೆ.

ಸದ್ಯ ನಮ್ಮಲ್ಲಿರುವುದು ಕಟಾನ್, ಪ್ಯಾಂಡೆಮಿಕ್ ಮತ್ತು ಊನೋ. ಕಟಾನ್ ಎಲ್ಲರಿಗೂ ಇಷ್ಟ, ಆದರೆ ಅದರಲ್ಲಿ ನಾಲ್ವರಿಗಷ್ಟೇ ಜಾಗವಿರುವುದರಿಂದ ಉಳಿದವರು ಪಕ್ಕದಲ್ಲಿ ಕುಳಿತು ಸಲಹೆ ಕೊಡುತ್ತಾ ಕಾಲ ಕಳೆಯಬೇಕಾಗುತ್ತದೆ. ಪ್ಯಾಂಡೆಮಿಕ್‌ನಲ್ಲಿ ಎಲ್ಲರೂ ಒಂದೇ ಪಕ್ಷವೆಂದು ಹೆಸರಿಗೆ ಇದ್ದರೂ, ಆಟ ಚೆನ್ನಾಗಿ ಬಲ್ಲ ಒಬ್ಬರೇ ಎಲ್ಲರ ಸರದಿಯನ್ನೂ ನಿರ್ಧರಿಸಿಬಿಡುತ್ತಾರೆ. ಊನೋ ಎಷ್ಟು ಸಲ ಆಡಿದರೂ ಅಷ್ಟೇ.

ಎಲ್ಲರೂ ಸೇರಿ ಐದಾರು ಸಾವಿರ ರೂಪಾಯಿ ಹಾಕಿ ಮೂರು ನಾಲ್ಕು ಹೊಸ ಆಟಗಳನ್ನು ಕೊಳ್ಳಬೇಕೆಂದಿದ್ದೇವೆ. ಕಟಾನ್‌ಗೆ ಐದು-ಆರು ಜನರ ವಿಸ್ತರಣಾ ಪೆಟ್ಟಿಗೆಯನ್ನು ತೆಗೆದುಕೊಳ್ಳುವುದು ಸರಿಯೇ, ಅಥವಾ ಬೇರೆಯದೇ ಆಟಗಳನ್ನು ನೋಡಬೇಕೇ? ಇಸ್ಪೀಟು ಬಲ್ಲವರಿಗೂ ಹೊಸಬರಿಗೂ ಸಮನಾಗಿ ಹಿಡಿಸುವಂಥದ್ದು ಯಾವುದು? ನಡುವೆಯೇ ಯಾರಾದರೂ ಸೋತು ಹೊರಗೆ ಕುಳಿತುಕೊಳ್ಳಬೇಕಾದ ಆಟಗಳು ಮಾತ್ರ ನಮಗೆ ಬೇಡ. ಚೌಕಾಬಾರದಲ್ಲಿ ಕಾಯಿ ಹೊಡೆಸಿಕೊಂಡವರೂ ಕೊನೆಯವರೆಗೆ ಕವಡೆ ಹಾಕುತ್ತಲೇ ಇರುತ್ತಾರೆ. ಅಷ್ಟಾದರೂ ಇರಬೇಕು ಎಂಬುದು ನಮ್ಮೆಲ್ಲರ ಅಭಿಪ್ರಾಯ.

ಐದನೇ ಕುರ್ಚಿ

ಪೆಟ್ಟಿಗೆಯ ಮೇಲೆ ಅಚ್ಚು ಹಾಕಿದ ಆಟಗಾರರ ಸಂಖ್ಯೆಯನ್ನು ನಂಬಿ ಹಣ ಕೊಡಬೇಡಿ ಎಂಬುದನ್ನು ಎಲ್ಲಕ್ಕಿಂತ ಮೊದಲು ಹೇಳುತ್ತೇನೆ. ‘ಎರಡರಿಂದ ಆರು’ ಎಂದು ಬರೆದಿದ್ದರೆ ಆರು ಜನರಿಗೆ ಸಾಕಾಗುವಷ್ಟು ಕಾಯಿಗಳು ಒಳಗಿವೆ ಎಂದಷ್ಟೇ ಅದರ ಅರ್ಥ. ಆರು ಜನ ಕುಳಿತಾಗ ಆಟ ಚೆನ್ನಾಗಿ ಸಾಗುತ್ತದೆ ಎಂಬ ಭರವಸೆ ಅದರಲ್ಲಿಲ್ಲ. 2000ದಲ್ಲಿ ಆರಂಭವಾದ ಬೋರ್ಡ್‌ಗೇಮ್‌ಗೀಕ್ ಜಾಲತಾಣದಲ್ಲಿ ಒಂದೊಂದು ಆಟದ ಪುಟದಲ್ಲಿಯೂ ಎಷ್ಟು ಜನರಿದ್ದರೆ ಆ ಆಟ ಅತ್ಯುತ್ತಮ, ಎಷ್ಟಾದರೆ ಆಡಬಹುದು, ಎಷ್ಟಾದರೆ ಬೇಡವೇ ಬೇಡ ಎಂದು ಆಡಿದವರು ಹಾಕಿದ ಮತಗಳು ಕಾಣುತ್ತವೆ. ಆಟ ಎಷ್ಟು ಕ್ಲಿಷ್ಟವೆಂಬುದನ್ನೂ ಒಂದರಿಂದ ಐದರವರೆಗಿನ ಅಂಕದಲ್ಲಿ ಕೊಟ್ಟಿರುತ್ತಾರೆ. ನಿಮ್ಮಂಥ ಗುಂಪು ನೋಡಬೇಕಾದದ್ದು ಈ ಎರಡು ಸಂಗತಿಗಳನ್ನೇ ಹೊರತು ಅಲ್ಲಿನ ಶ್ರೇಯಾಂಕವನ್ನಲ್ಲ. ಆ ಪಟ್ಟಿಯ ಮೇಲ್ತುದಿಯಲ್ಲಿ ಕಾಣುವ ಬಹುಪಾಲು ಆಟಗಳು ಎರಡು-ಮೂರು ಗಂಟೆ ಬೇಡುವಂಥವು, ನಾಲ್ಕು ಜನರಿಗೆ ಮುಗಿದುಹೋಗುವಂಥವು. ಊಟವಾದ ಮೇಲೆ ಮನೆಮಂದಿಯೊಂದಿಗೆ ಆಡುವವರ ಅಗತ್ಯವೇ ಬೇರೆ.

ಕಟಾನ್ ವಿಸ್ತರಣೆಯನ್ನು ಕೊಳ್ಳಬೇಡಿ. ಕ್ಲಾಸ್ ಟ್ಯೂಬರ್ 1995ರಲ್ಲಿ ಆ ಆಟವನ್ನು ಹೊರತಂದಾಗ ಅದನ್ನು ಹೊಂದಿಸಿದ್ದೇ ಮೂರು-ನಾಲ್ಕು ಜನರಿಗಾಗಿ. ಐದು-ಆರು ಜನರ ಪೆಟ್ಟಿಗೆ ಬಂದಾಗ, ಬೇರೆಯವರ ಸರದಿ ಮುಗಿದೊಡನೆ ಉಳಿದವರಿಗೂ ಮನೆ, ರಸ್ತೆ ಕಟ್ಟಲು ಅವಕಾಶ ಕೊಡುವ ವಿಶೇಷ ನಿಯಮವೊಂದನ್ನು ಸೇರಿಸಬೇಕಾಯಿತು. ಕಾಯುವ ಹೊತ್ತು ಅಷ್ಟು ದೀರ್ಘವಾಗುತ್ತದೆ ಎಂಬುದನ್ನು ಆ ನಿಯಮವೇ ಒಪ್ಪಿಕೊಂಡಂತಾಯಿತಲ್ಲವೇ! ಲೆಕ್ಕ ಹಾಕಿ ನೋಡಿ: ಒಬ್ಬರ ಸರದಿಗೆ ಎರಡು ನಿಮಿಷವೆಂದರೂ ನಾಲ್ವರ ಆಟದಲ್ಲಿ ನೀವು ಆರು ನಿಮಿಷ ಕಾಯುತ್ತೀರಿ, ಎಂಟು ಜನರ ಆಟದಲ್ಲಿ ಹದಿನಾಲ್ಕು ನಿಮಿಷ. ಅಷ್ಟರಲ್ಲಿ ಕಾಲೇಜಿನ ಹುಡುಗರು ಮೊಬೈಲ್ ತೆಗೆದಿರುತ್ತಾರೆ.

ಆದ್ದರಿಂದ ಆರಕ್ಕಿಂತ ಹೆಚ್ಚು ಜನರಿರುವಲ್ಲಿ, ಎಲ್ಲರೂ ಒಟ್ಟಿಗೇ ಎಲೆ ಆರಿಸಿ ಒಟ್ಟಿಗೇ ತೋರಿಸುವ ಆಟಗಳನ್ನು ಹುಡುಕಬೇಕು. ಇವುಗಳಲ್ಲಿ ನನ್ನ ಮೊದಲ ಆಯ್ಕೆ ಆಂಟ್ವಾನ್ ಬೋಜಾ ಅವರ ಸೆವೆನ್ ವಂಡರ್ಸ್. 2010ರಲ್ಲಿ ಬಂದ ಈ ಆಟವನ್ನು ಮೂರರಿಂದ ಏಳು ಜನ ಆಡಬಹುದು. ಪ್ರತಿಯೊಬ್ಬರಿಗೂ ಏಳು ಎಲೆ ಹಂಚುತ್ತಾರೆ. ಒಂದನ್ನು ಆರಿಸಿ ಮುಚ್ಚಿಟ್ಟು ಉಳಿದದ್ದನ್ನು ಪಕ್ಕದವರಿಗೆ ದಾಟಿಸುತ್ತೀರಿ. ಎಲ್ಲರೂ ಏಕಕಾಲಕ್ಕೆ ತೆರೆದು ಆಡುತ್ತಾರೆ. ಇಂಥ ಮೂರು ಯುಗಗಳು ಮುಗಿದಾಗ ಆಟ ಮುಗಿಯುತ್ತದೆ. ವ್ಯಾಪಾರವೂ ಯುದ್ಧವೂ ಎಡಬಲದ ನೆರೆಯವರೊಂದಿಗೆ ಮಾತ್ರ ನಡೆಯುವುದರಿಂದ, ಮೇಜಿನ ಆ ತುದಿಯಲ್ಲಿರುವವರು ಏನು ಮಾಡುತ್ತಿದ್ದಾರೆ ಎಂದು ನೀವು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಅದಕ್ಕಾಗಿಯೇ ಏಳು ಜನರ ಆಟವೂ ನಾಲ್ವರ ಆಟದಷ್ಟೇ ಹೊತ್ತಿನಲ್ಲಿ, ಕಲಿತವರಿಗಾದರೆ ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ಎಲೆಗಳ ಮೇಲೆ ವಾಕ್ಯಗಳಿಲ್ಲ, ಚಿಹ್ನೆಗಳಿವೆ. ಆದರೆ ಆ ಚಿಹ್ನೆಗಳು ಮೊದಲ ಆಟದಲ್ಲಿ ಎಲ್ಲರನ್ನೂ ಕಾಡುತ್ತವೆ ಎಂಬುದನ್ನು ಮುಚ್ಚಿಡುವುದಿಲ್ಲ.

ಎರಡನೆಯದು ವೋಲ್ಫ್‌ಗಾಂಗ್ ಕ್ರಾಮರ್ ಅವರ ಸೆಕ್ಸ್ ನಿಮ್ಟ್ (ಜರ್ಮನ್‌ನಲ್ಲಿ ‘ಸೆಕ್ಸ್’ ಎಂದರೆ ಆರು). 1994ರದ್ದು, ಅಗ್ಗದ್ದು, ಕೈಚೀಲದಲ್ಲಿ ಹಿಡಿಯುವಂಥದ್ದು, ಹತ್ತು ಜನರವರೆಗೆ ಆಡಬಹುದಾದದ್ದು. ಒಂದರಿಂದ 104ರವರೆಗೆ ಅಂಕಿ ಬರೆದ ಎಲೆಗಳು, ಮೇಜಿನ ಮೇಲೆ ನಾಲ್ಕು ಸಾಲು, ಪ್ರತಿಯೊಬ್ಬರ ಕೈಯಲ್ಲಿ ಹತ್ತು ಎಲೆ. ಎಲ್ಲರೂ ಒಟ್ಟಿಗೆ ಒಂದೊಂದು ಎಲೆ ತೆರೆಯುತ್ತಾರೆ; ಚಿಕ್ಕ ಅಂಕಿಯಿಂದ ಆರಂಭಿಸಿ ಒಂದೊಂದು ಎಲೆಯೂ ತನಗಿಂತ ಚಿಕ್ಕದಾದ, ಆದರೆ ತನಗೆ ಅತ್ಯಂತ ಹತ್ತಿರವಾದ ಅಂಕಿ ಕೊನೆಯಲ್ಲಿರುವ ಸಾಲನ್ನು ಸೇರುತ್ತದೆ. ಯಾರ ಎಲೆ ಆರನೆಯದಾಗುತ್ತದೋ ಅವರು ಮೊದಲಿನ ಐದನ್ನೂ ದಂಡವಾಗಿ ಎತ್ತಿಕೊಳ್ಳಬೇಕು. ಯಾರ ದಂಡವಾದರೂ 66 ಮುಟ್ಟಿದಾಗ ಆಟ ನಿಲ್ಲುತ್ತದೆ, ಕಡಿಮೆ ದಂಡದವರು ಗೆಲ್ಲುತ್ತಾರೆ. ಮೇಡಂ ಅವರಿಗೆ ಐದು ನಿಮಿಷದಲ್ಲಿ ಹೇಳಿಕೊಡಬಹುದು, ಅವರು ಎರಡನೆಯ ಸುತ್ತಿನಲ್ಲಿಯೇ ನಿಮ್ಮನ್ನು ಸೋಲಿಸಲೂಬಹುದು.

ಇನ್ನೊಂದು ಮಾತು. ಎಂಟು ಜನರಿದ್ದ ದಿನ ಎಂಟೂ ಜನ ಒಂದೇ ಮೇಜಿಗೆ ಕುಳಿತುಕೊಳ್ಳಬೇಕೆಂಬ ಹಟ ಏಕೆ? ನಾಲ್ಕು ನಾಲ್ಕಾಗಿ ಕುಳಿತರೆ ಆಯ್ಕೆಗಳ ಬಾಗಿಲೇ ತೆರೆಯುತ್ತದೆ. ಒಂದು ಮೇಜಿಗೆ ನಿಮ್ಮ ಕಟಾನ್ ಈಗಾಗಲೇ ಇದೆ. ಇನ್ನೊಂದಕ್ಕೆ ಅಜುಲ್ ಅಥವಾ ಕಾರ್ಕಸೋನ್ ತನ್ನಿ. ಕಾರ್ಕಸೋನ್‌ನಲ್ಲಿ ಚೌಕ ಬಿಲ್ಲೆಗಳನ್ನು ಒಂದಕ್ಕೊಂದು ಜೋಡಿಸುತ್ತಾ ಕೋಟೆ, ರಸ್ತೆ, ಹೊಲಗಳನ್ನು ಬೆಳೆಸಬೇಕು. ಅಜುಲ್‌ನಲ್ಲಿ ಬಣ್ಣದ ಬಿಲ್ಲೆಗಳನ್ನು ಆಯ್ದು ಗೋಡೆ ತುಂಬಬೇಕು. ಎರಡರಲ್ಲಿಯೂ ಓದುವುದಕ್ಕೆ ಒಂದು ಪದವೂ ಇಲ್ಲ. ಜರ್ಮನಿಯಲ್ಲಿ 1979ರಿಂದ ಕೊಡುತ್ತಾ ಬಂದಿರುವ ‘ಸ್ಪೀಲ್ ಡೆಸ್ ಯಾರೆಸ್’, ಅಂದರೆ ವರ್ಷದ ಆಟ ಪ್ರಶಸ್ತಿ, ಕಾರ್ಕಸೋನ್‌ಗೆ 2001ರಲ್ಲಿ, ಅಜುಲ್‌ಗೆ 2018ರಲ್ಲಿ ಬಂದಿದೆ. ಮನೆಮಂದಿ ಸೇರಿ ಆಡುವ ಆಟವನ್ನು ಹುಡುಕುವವರಿಗೆ ಆ ಪ್ರಶಸ್ತಿಯ ಪಟ್ಟಿ ಒಳ್ಳೆಯ ದಾರಿ. ಸ್ವಲ್ಪ ಹೆಚ್ಚು ಯೋಚನೆ ಬೇಡುವ ಆಟಗಳಿಗೆ 2011ರಿಂದ ‘ಕೆನ್ನರ್‌ಸ್ಪೀಲ್’ ಎಂಬ ಪ್ರತ್ಯೇಕ ಪ್ರಶಸ್ತಿ ಇದೆ; ಅದನ್ನು ಮೊದಲ ವರ್ಷವೇ ಪಡೆದದ್ದು ಸೆವೆನ್ ವಂಡರ್ಸ್.

ಕಳಾವರ್ ಗುಲಾಮ

ಮೇಲಿನವರ ಲೆಕ್ಕಾಚಾರವನ್ನು ಒಪ್ಪುತ್ತೇನೆ, ಆದರೆ ನಿಮ್ಮ ಗುಂಪಿನಲ್ಲಿ ಇಪ್ಪತ್ತೆಂಟು ಬಲ್ಲವರು ಮೂವರಿದ್ದಾರೆ ಎಂಬ ಸಂಗತಿಯನ್ನು ಅವರು ದಾಟಿಕೊಂಡು ಹೋದದ್ದು ಸರಿಯಲ್ಲ. ನಾನು ಉಡುಪಿಯ ಕಡೆಯವನು. ನಮ್ಮಲ್ಲಿ ಮದುವೆ ಮನೆಯ ರಾತ್ರಿಗಳು ಕಳೆಯುವುದೇ ಈ ಆಟದಲ್ಲಿ. ಗುಲಾಮನಿಗೆ ಮೂರು, ಒಂಬತ್ತಕ್ಕೆ ಎರಡು, ಎಕ್ಕ ಮತ್ತು ಹತ್ತಕ್ಕೆ ಒಂದೊಂದು ಎಂಬ ಲೆಕ್ಕದಲ್ಲಿ ಮೂವತ್ತೆರಡು ಎಲೆಗಳಿಂದ ಇಪ್ಪತ್ತೆಂಟು ಅಂಕ ಹುಟ್ಟುವ, ತುರುಫನ್ನು ಮುಚ್ಚಿಟ್ಟು ಆಡುವ ಈ ಆಟವನ್ನು ಕರಗತ ಮಾಡಿಕೊಂಡವರಿಗೆ ಯಾವ ಬಣ್ಣದ ಎಷ್ಟು ಎಲೆಗಳು ಇಳಿದಿವೆ, ಜೊತೆಗಾರ ಏಕೆ ಆ ಎಲೆಯನ್ನು ಎಸೆದ ಎಂಬುದನ್ನೆಲ್ಲ ಊಹಿಸುವ ಅಭ್ಯಾಸ ಆಗಿರುತ್ತದೆ. ಆ ವಿದ್ಯೆಯನ್ನೇ ಬಳಸಿಕೊಳ್ಳುವ ಹೊಸ ಆಟಗಳಿರುವಾಗ ಅವರನ್ನು ಚಿಹ್ನೆಗಳ ಪಾಠಕ್ಕೆ ಏಕೆ ಕೂರಿಸಬೇಕು?

ದ ಕ್ರೂ ಎಂಬ ಆಟವನ್ನು ನೋಡಿ. ಥಾಮಸ್ ಸಿಂಗ್ ಎಂಬವರು ರಚಿಸಿದ್ದು, 2019ರಲ್ಲಿ ಬಂದದ್ದು, 2020ರ ಕೆನ್ನರ್‌ಸ್ಪೀಲ್ ಪ್ರಶಸ್ತಿ ಪಡೆದದ್ದು. ನಾಲ್ಕು ಬಣ್ಣಗಳಲ್ಲಿ ಒಂದರಿಂದ ಒಂಬತ್ತರವರೆಗಿನ ಎಲೆಗಳು, ಅವುಗಳ ಮೇಲೆ ತುರುಫಿನಂತೆ ಕೆಲಸ ಮಾಡುವ ನಾಲ್ಕು ರಾಕೆಟ್ ಎಲೆಗಳು. ಇಳಿದ ಬಣ್ಣವನ್ನೇ ಇಳಿಸಬೇಕು, ದೊಡ್ಡ ಎಲೆ ಹಾಕಿದವರು ಸುತ್ತನ್ನು ಎತ್ತಿಕೊಳ್ಳುತ್ತಾರೆ. ಇಲ್ಲಿಯವರೆಗೆ ಹೊಸದೇನೂ ಇಲ್ಲ. ಹೊಸದೇನೆಂದರೆ ಎಲ್ಲರೂ ಒಂದೇ ಪಕ್ಷ. ‘ಹಸಿರು ಏಳು ಇರುವ ಸುತ್ತನ್ನು ಇವರೇ ಗೆಲ್ಲಬೇಕು, ಹಳದಿ ಎರಡನ್ನು ಅವರೇ ಗೆಲ್ಲಬೇಕು’ ಎಂಬಂಥ ಕೆಲಸಗಳು ಒಬ್ಬೊಬ್ಬರ ಪಾಲಿಗೆ ಬರುತ್ತವೆ, ಎಲ್ಲರ ಕೆಲಸವೂ ನೆರವೇರಿದರೆ ಮಾತ್ರ ಗೆಲುವು. ಇಂಥ ಐವತ್ತು ಹಂತಗಳು ಒಂದು ಕಥೆಯಂತೆ ಸಾಗುತ್ತವೆ. ಮೊದಲ ಕೆಲವು ಹಂತಗಳನ್ನು ಹೊಸಬರೂ ಸಲೀಸಾಗಿ ದಾಟುತ್ತಾರೆ, ಇಪ್ಪತ್ತರ ಆಚೆ ಇಪ್ಪತ್ತೆಂಟಿನ ಪಂಡಿತರೂ ಬೆವರುತ್ತಾರೆ.

ಪ್ಯಾಂಡೆಮಿಕ್‌ನಲ್ಲಿ ಒಬ್ಬರೇ ಯಜಮಾನಿಕೆ ನಡೆಸುತ್ತಾರೆ ಎಂದಿರಲ್ಲ, ಅದಕ್ಕೂ ಇಲ್ಲಿ ಮದ್ದಿದೆ. ಪ್ಯಾಂಡೆಮಿಕ್‌ನಲ್ಲಿ ಎಲ್ಲ ಮಾಹಿತಿಯೂ ಎಲ್ಲರ ಕಣ್ಣಮುಂದೆ ಇರುವುದರಿಂದ ಚುರುಕಾಗಿ ಯೋಚಿಸುವವರು ಉಳಿದವರ ಪರವಾಗಿಯೂ ಯೋಚಿಸಿಬಿಡುತ್ತಾರೆ. ಅದು ಅವರ ಸ್ವಭಾವದ ದೋಷಕ್ಕಿಂತ ಹೆಚ್ಚಾಗಿ ಆಟದ ರಚನೆಯ ದೋಷ. ದ ಕ್ರೂನಲ್ಲಿ ಕೈಯಲ್ಲಿರುವ ಎಲೆಯ ಬಗ್ಗೆ ಬಾಯಿ ಬಿಡುವಂತಿಲ್ಲ. ಒಂದು ಹಂತಕ್ಕೆ ಒಮ್ಮೆ ಮಾತ್ರ ಒಂದು ಎಲೆಯನ್ನು ತೆರೆದಿಟ್ಟು, ಅದು ಆ ಬಣ್ಣದಲ್ಲಿ ತನ್ನ ಬಳಿ ಇರುವ ಅತ್ಯಂತ ದೊಡ್ಡದೋ, ಚಿಕ್ಕದೋ, ಇರುವುದೇ ಅದೊಂದೋ ಎಂದು ಗುರುತಿನ ಬಿಲ್ಲೆಯಿಟ್ಟು ಸೂಚಿಸಬಹುದು, ಅಷ್ಟೇ. ಆಜ್ಞೆ ಕೊಡಬೇಕೆನ್ನುವವರಿಗೆ ಕೊಡಲು ಮಾಹಿತಿಯೇ ಇರುವುದಿಲ್ಲ! ಇದರ ಮಿತಿ ಐದು ಜನ ಎಂಬುದು ನಿಜ. ನಾಲ್ವರಿದ್ದರೆ ಅತಿ ಸೊಗಸು, ಆದ್ದರಿಂದ ಎರಡು ಮೇಜುಗಳ ಸಲಹೆಗೆ ಇದು ಹೊಂದುತ್ತದೆ.

ಆರು ಜನರೂ ಒಟ್ಟಿಗೆ ಇಸ್ಪೀಟಿನ ರೀತಿಯಲ್ಲೇ ಆಡಬೇಕೆಂದಿದ್ದರೆ ವಿಝರ್ಡ್ ಇದೆ. ಕೆನ್ ಫಿಶರ್ ಎಂಬ ಕೆನಡಾದವರು 1984ರಲ್ಲಿ ರೂಪಿಸಿದ ಈ ಕಟ್ಟಿನಲ್ಲಿ ಮಾಮೂಲಿ 52 ಎಲೆಗಳಿಗೆ ಸಮನಾದವುಗಳ ಜೊತೆಗೆ ಎಲ್ಲವನ್ನೂ ಹೊಡೆಯುವ ನಾಲ್ಕು ಮಾಂತ್ರಿಕರು, ಎಲ್ಲದಕ್ಕೂ ಸೋಲುವ ನಾಲ್ಕು ವಿದೂಷಕರು ಇದ್ದಾರೆ. ಎಷ್ಟು ಸುತ್ತು ಗೆಲ್ಲುತ್ತೇನೆಂದು ಮೊದಲೇ ಹೇಳಿ ಸರಿಯಾಗಿ ಅಷ್ಟನ್ನೇ ಗೆಲ್ಲಬೇಕು. ನಮ್ಮಲ್ಲಿ ಜಡ್ಜ್‌ಮೆಂಟ್ ಎಂದು ಆಡುತ್ತಾರಲ್ಲ, ಅದರ ಸೋದರನೇ ಇದು. ಹಾಗಾಗಿ ಮೊದಲು ಮನೆಯಲ್ಲಿರುವ ಇಸ್ಪೀಟು ಕಟ್ಟಿನಲ್ಲಿಯೇ ಜಡ್ಜ್‌ಮೆಂಟ್ ಆಡಿ ನೋಡಿ, ಎಲ್ಲರಿಗೂ ಹಿಡಿಸಿದರೆ ಮಾತ್ರ ವಿಝರ್ಡ್‌ಗೆ ಹಣ ಹಾಕಿ.

ಓದುಗಿತ್ತಿ

ಇಬ್ಬರೂ ಹೇಳಿದ್ದರಲ್ಲಿ ಮಾತಿನ ಆಟಗಳು ಬಿಟ್ಟುಹೋಗಿವೆ. ಕನ್ನಡ ಪಾಠ ಮಾಡಿ ನಿವೃತ್ತರಾದವರೋ ಗಣಿತ ಪಾಠ ಮಾಡಿದವರೋ ನನಗೆ ತಿಳಿಯದು, ಆದರೆ ಶಿಕ್ಷಕಿಯೊಬ್ಬರು ಗುಂಪಿನಲ್ಲಿದ್ದಾರೆಂದರೆ ಕನ್ನಡದಲ್ಲಿಯೇ ಆಡಬಹುದಾದ ಆಟವೊಂದು ಇರಲೇಬೇಕು. ಎಂಟು ಜನ ಎಂಬ ಸಂಖ್ಯೆ ಈ ಬಗೆಯ ಆಟಗಳಿಗೆ ಹೊರೆಯಾಗುವುದಿಲ್ಲ.

ವ್ಲಾಡಾ ಖ್ವಾಟಿಲ್ ಅವರ ಕೋಡ್‌ನೇಮ್ಸ್ 2015ರಲ್ಲಿ ಬಂತು, ಮರುವರ್ಷವೇ ವರ್ಷದ ಆಟ ಪ್ರಶಸ್ತಿ ಪಡೆಯಿತು. ಮೇಜಿನ ಮೇಲೆ ಐದೈದರಂತೆ ಇಪ್ಪತ್ತೈದು ಪದಗಳನ್ನು ಹರಡುತ್ತಾರೆ; ಅವುಗಳಲ್ಲಿ ಒಂಬತ್ತು ಒಂದು ತಂಡದವು, ಎಂಟು ಇನ್ನೊಂದರವು, ಏಳು ಯಾರವೂ ಅಲ್ಲ, ಒಂದನ್ನು ಮುಟ್ಟಿದರೆ ಮುಟ್ಟಿದ ತಂಡ ಅಲ್ಲಿಯೇ ಸೋಲುತ್ತದೆ. ಯಾವುದು ಯಾರದ್ದೆಂಬ ನಕ್ಷೆ ಇಬ್ಬರು ನಾಯಕರಿಗೆ ಮಾತ್ರ ಕಾಣುತ್ತದೆ. ನಾಯಕರು ಒಂದೇ ಪದ ಮತ್ತು ಒಂದು ಸಂಖ್ಯೆಯನ್ನು ಹೇಳಬೇಕು: ‘ದಸರಾ, ಮೂರು’ ಎಂದರೆ ಆನೆ, ಅರಮನೆ, ಗೊಂಬೆ ಎಂದು ತಂಡದವರು ಊಹಿಸಬೇಕು. ಆಟದ ಇಂಗ್ಲಿಷ್ ಪದಗಳನ್ನು ಪಕ್ಕಕ್ಕಿಟ್ಟು, ದಪ್ಪ ಕಾಗದವನ್ನು ಅದೇ ಅಳತೆಗೆ ಕತ್ತರಿಸಿ ನೂರಿನ್ನೂರು ಕನ್ನಡ ಪದಗಳನ್ನು ಬರೆದುಕೊಂಡರಾಯಿತು. ನಕ್ಷೆಯ ಕಾರ್ಡುಗಳೂ ಬಣ್ಣದ ಹೊದಿಕೆಗಳೂ ಪೆಟ್ಟಿಗೆಯವೇ ಸಾಕು. ಪದ ಆರಿಸುವಾಗ ಎರಡು ಮೂರು ಅರ್ಥವಿರುವುವನ್ನು ಹೆಚ್ಚು ಸೇರಿಸಿ. ಕರೆ, ತಲೆ, ಹೊರೆ, ಕಾಲು, ಅರಸು, ಬಾಳೆ ಇಂಥವು ಬಂದಷ್ಟೂ ಆಟ ಕಳೆಗಟ್ಟುತ್ತದೆ. ನಿಯಮದ ಒಂದು ಅಂಶವನ್ನು ಮಾತ್ರ ಮೊದಲೇ ತೀರ್ಮಾನಿಸಿಕೊಳ್ಳಿ: ಸುಳಿವಾಗಿ ಸಮಾಸಪದ ಹೇಳಬಹುದೇ, ಬೇಡವೇ? ಕನ್ನಡದಲ್ಲಿ ಪದಗಳನ್ನು ಬೆಸೆಯುತ್ತಾ ಹೋದರೆ ಒಂದು ಪದದೊಳಗೆ ಒಂದು ವಾಕ್ಯವನ್ನೇ ತುರುಕಬಹುದು. ನಿಘಂಟಿನಲ್ಲಿ ಸ್ವತಂತ್ರವಾಗಿ ಸಿಗುವ ಪದವಾದರೆ ಸರಿ, ಸ್ಥಳದಲ್ಲಿಯೇ ಕಟ್ಟಿದ್ದಾದರೆ ಸಲ್ಲದು ಎಂದಿಟ್ಟುಕೊಂಡರೆ ಜಗಳ ತಪ್ಪುತ್ತದೆ, ತೀರ್ಪು ಕೊಡಲು ಹೇಗೂ ಮೇಡಂ ಇದ್ದಾರೆ.

ಸ್ಪರ್ಧೆಯ ಬಿಸಿ ಬೇಡವೆನ್ನುವ ದಿನಕ್ಕೆ ಜಸ್ಟ್ ಒನ್ ಇದೆ. 2019ರ ವರ್ಷದ ಆಟ, ಮೂರರಿಂದ ಏಳು ಜನರಿಗೆ. ಒಬ್ಬರು ಪದವೊಂದನ್ನು ಊಹಿಸಬೇಕು, ಉಳಿದವರೆಲ್ಲ ಗುಟ್ಟಾಗಿ ಒಂದೊಂದು ಸುಳಿವಿನ ಪದವನ್ನು ಬರೆಯಬೇಕು. ಆದರೆ ಇಬ್ಬರು ಒಂದೇ ಸುಳಿವು ಬರೆದಿದ್ದರೆ ಎರಡನ್ನೂ ಅಳಿಸಿಹಾಕುತ್ತಾರೆ. ಎಲ್ಲರಿಗೂ ಮೊದಲು ಹೊಳೆಯುವುದನ್ನು ಬರೆದರೆ ಅದು ಉಳಿಯುವುದಿಲ್ಲ, ತೀರ ದೂರದ್ದನ್ನು ಬರೆದರೆ ಊಹಿಸುವವರಿಗೆ ತಿಳಿಯುವುದಿಲ್ಲ. ಇದನ್ನು ಕೊಳ್ಳುವುದಕ್ಕೆ ಮುಂಚೆ ಮಕ್ಕಳ ಸ್ಲೇಟುಗಳಲ್ಲಿ, ನೀವೇ ಬರೆದುಕೊಂಡ ಕನ್ನಡ ಪದಗಳೊಂದಿಗೆ ಒಮ್ಮೆ ಆಡಿ ನೋಡಬಹುದು. ಇಷ್ಟವಾದರೆ ಆಟ ರಚಿಸಿದವರಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಿ ಪೆಟ್ಟಿಗೆಯನ್ನೇ ತನ್ನಿ.

ಗುಂಪಿನೊಳಗೆ ಅಡಗಿರುವ ಶತ್ರು ಯಾರೆಂದು ಊಹಿಸುವ ಮಾಫಿಯಾ ಅಥವಾ ವೇರ್‌ವುಲ್ಫ್ ಆಡಿ ಎಂದು ಯಾರಾದರೂ ನಿಮಗೆ ಹೇಳಿದರೆ, ಅವುಗಳಲ್ಲಿ ಮೊದಲ ರಾತ್ರಿಯೇ ‘ಸತ್ತವರು’ ಕೊನೆಯವರೆಗೆ ಸುಮ್ಮನೆ ಕೂರಬೇಕಾಗುತ್ತದೆ ಎಂಬುದನ್ನು ನೆನಪಿಡಿ. ಅದೇ ಜಾಡಿನ ದ ರೆಸಿಸ್ಟೆನ್ಸ್ 2009ರದ್ದು. ಐದರಿಂದ ಹತ್ತು ಜನ, ಯಾರೂ ಹೊರಗೆ ಹೋಗುವುದಿಲ್ಲ, ಗೂಢಚಾರರು ಯಾರೆಂದು ಐದು ಕಾರ್ಯಾಚರಣೆಗಳಲ್ಲಿ ಪತ್ತೆ ಮಾಡಬೇಕು. ಆಟವಾಗಿ ಅದು ಅಚ್ಚುಕಟ್ಟು. ಆದರೂ ಎದುರಿಗೆ ಕುಳಿತ ಹಿರಿಯರನ್ನು ‘ನೀವು ಸುಳ್ಳು ಹೇಳುತ್ತಿದ್ದೀರಿ’ ಎಂದು ಪದೇಪದೇ ಹೇಳಬೇಕಾದ ಆಟ ಎಲ್ಲ ಮನೆಗಳಿಗೂ ಹೊಂದುವುದಿಲ್ಲ. ಅತ್ತೆ-ಸೊಸೆ ಒಂದೇ ಮೇಜಿನಲ್ಲಿದ್ದರೆ ನಾನಂತೂ ಆ ಪೆಟ್ಟಿಗೆಯನ್ನು ತೆರೆಯುವುದಿಲ್ಲ.

ದೊಡ್ಡಪೆಟ್ಟಿಗೆ

ಎಲ್ಲರೂ ಹಗುರವಾದ ಆಟಗಳನ್ನೇ ಹೇಳುತ್ತಿದ್ದೀರಿ. ಕಾಲೇಜಿನ ಇಬ್ಬರಿಗೆ ಇದರಿಂದ ಬೇಸರವಾದರೆ ಅವರು ಮುಂದಿನ ತಿಂಗಳಿಂದ ಬರುವುದಿಲ್ಲ ಎಂಬುದನ್ನೂ ಯೋಚಿಸಿ. 2016ರ ಟೆರಾಫಾರ್ಮಿಂಗ್ ಮಾರ್ಸ್ ಅಥವಾ 2018ರ ಬ್ರಾಸ್ ಬರ್ಮಿಂಗ್‌ಹ್ಯಾಮ್‌ನಂಥ ಒಂದು ತೂಕದ ಆಟ ಗುಂಪಿನಲ್ಲಿ ಇರಲಿ ಎನ್ನುತ್ತೇನೆ. ಆದರೆ ಭಾನುವಾರಕ್ಕೆ ಬೇಡ. ಆ ಆಟಗಳಿಗೆ ಎರಡು ಗಂಟೆಗೂ ಹೆಚ್ಚು ಕಾಲ ಬೇಕು, ಮಂಗಳನ ಆಟದಲ್ಲಂತೂ ಇನ್ನೂರಕ್ಕೂ ಹೆಚ್ಚು ಎಲೆಗಳಿದ್ದು ಒಂದೊಂದರ ಮೇಲೂ ಇಂಗ್ಲಿಷ್ ಬರಹವಿದೆ. ಆಸಕ್ತಿಯುಳ್ಳ ಮೂರು ನಾಲ್ಕು ಜನ ಬೇರೆ ದಿನ ಸೇರಲಿ, ಆ ಪೆಟ್ಟಿಗೆಯ ಖರ್ಚನ್ನೂ ಅವರೇ ಹಂಚಿಕೊಳ್ಳಲಿ. ಎಲ್ಲರ ಹಣದಲ್ಲಿ ಕೆಲವರ ಆಟ ಕೊಂಡಲ್ಲಿ ಮನಸ್ತಾಪ ಆರಂಭವಾಗುತ್ತದೆ.

ಕುಕ್ಕರಹಳ್ಳಿಯವ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದಗಳು. ಮೇಡಂ ಕನ್ನಡವನ್ನೇ ಪಾಠ ಮಾಡಿದವರು, ಆದ್ದರಿಂದ ಕೋಡ್‌ನೇಮ್ಸ್ ಬಗೆಗಿನ ಮಾತು ಅವರಿಗೆ ಬಹಳ ಹಿಡಿಸಿ, ಪದಪಟ್ಟಿ ಮಾಡುವ ಕೆಲಸವನ್ನು ತಾವೇ ವಹಿಸಿಕೊಂಡಿದ್ದಾರೆ. ಕಟಾನ್ ವಿಸ್ತರಣೆಯನ್ನು ಕೈಬಿಟ್ಟೆವು. ಕೋಡ್‌ನೇಮ್ಸ್, ದ ಕ್ರೂ, ಸೆಕ್ಸ್ ನಿಮ್ಟ್ ಇವು ಮೂರೂ ಖಚಿತ. ಉಳಿದ ಹಣದಲ್ಲಿ ಸೆವೆನ್ ವಂಡರ್ಸ್ ತೆಗೆದುಕೊಳ್ಳುವುದೋ ಅಜುಲ್ ತೆಗೆದುಕೊಳ್ಳುವುದೋ ಎಂಬಲ್ಲಿ ನಮ್ಮಲ್ಲಿ ಎರಡು ಪಕ್ಷಗಳಾಗಿವೆ. ಸೆವೆನ್ ವಂಡರ್ಸ್‌ನ ಚಿಹ್ನೆಗಳು ಮೊದಲ ದಿನ ಕಾಡುತ್ತವೆ ಎಂದಿರಿ. ಅದನ್ನು ಏಳು ಜನರಿಗೆ ಒಟ್ಟಿಗೆ ಹೇಳಿಕೊಡುವುದು ಹೇಗೆ? ಹಾಗೆಯೇ, ಆನ್‌ಲೈನಿನಲ್ಲಿ ಒಂದೇ ಆಟಕ್ಕೆ ಅರ್ಧದಷ್ಟು ವ್ಯತ್ಯಾಸವಿರುವ ಬೆಲೆಗಳು ಕಾಣುತ್ತಿವೆ, ಅಗ್ಗದ್ದನ್ನು ನಂಬಬಹುದೇ?

ಐದನೇ ಕುರ್ಚಿ

ಕೊಳ್ಳುವುದಕ್ಕೆ ಮೊದಲು ಬೋರ್ಡ್ ಗೇಮ್ ಅರೀನಾ ಜಾಲತಾಣದಲ್ಲಿ ಎರಡನ್ನೂ ಆಡಿ ನೋಡಿ. ಅಜುಲ್, ಸೆವೆನ್ ವಂಡರ್ಸ್ ಎರಡೂ ಅಲ್ಲಿವೆ. ನಿಮ್ಮಲ್ಲಿ ಇಬ್ಬರು ಮೂವರು ಅಲ್ಲಿಯೇ ಕಲಿತುಕೊಂಡು ಬಂದರೆ ಉಳಿದವರ ನಡುನಡುವೆ ಕೂರಿಸಬಹುದು, ಪಾಠದ ಅರ್ಧ ಭಾರ ಇಳಿಯುತ್ತದೆ.

ಹೇಳಿಕೊಡುವಾಗ ನಿಯಮಪುಸ್ತಕದ ಕ್ರಮವನ್ನು ಹಿಡಿಯಬೇಡಿ. ಎಲ್ಲರಿಗೂ ಅದ್ಭುತಗಳ ಫಲಕದ ಸುಲಭವಾದ ಮಗ್ಗುಲನ್ನೇ ಕೊಟ್ಟು, ಮೊದಲ ಯುಗವನ್ನು ಎಲೆಗಳನ್ನು ಮುಚ್ಚದೆ, ಎಲ್ಲರಿಗೂ ಕಾಣುವಂತೆ ಆಡಿಸಿ. ಕಂದು ಮತ್ತು ಬೂದು ಎಲೆಗಳು ಸಾಮಗ್ರಿ ಕೊಡುತ್ತವೆ, ನೀಲಿಯವು ನೇರವಾಗಿ ಅಂಕ ಕೊಡುತ್ತವೆ, ಕೆಂಪಿನವು ಸೈನ್ಯ ಎಂದಿಷ್ಟು ಹೇಳಿ ಆರಂಭಿಸಿಬಿಡಿ. ನೇರಳೆ ಬಣ್ಣದ ಸಂಘಗಳ ಎಲೆಗಳು ಮೂರನೆಯ ಯುಗದಲ್ಲಿ ಮಾತ್ರ ಬರುವುದರಿಂದ ಅವುಗಳ ವಿಷಯವನ್ನು ಆಗಲೇ ಎತ್ತಿದರೆ ಸಾಕು. ಹಸಿರು ಎಲೆಗಳ ಲೆಕ್ಕವನ್ನು ಮಾತ್ರ ಮೊದಲೇ ಉದಾಹರಣೆ ಸಹಿತ ಹೇಳಬೇಕು, ಏಕೆಂದರೆ ಅದು ತಿಳಿಯದವರಿಗೆ ಕೊನೆಯಲ್ಲಿ ಮೋಸ ಹೋದಂತೆನಿಸುತ್ತದೆ: ಒಂದೇ ಚಿಹ್ನೆ ಎರಡಿದ್ದರೆ ನಾಲ್ಕು ಅಂಕ, ಮೂರಿದ್ದರೆ ಒಂಬತ್ತು, ನಾಲ್ಕಿದ್ದರೆ ಹದಿನಾರು, ಮೂರು ಬೇರೆಬೇರೆ ಚಿಹ್ನೆಗಳ ಒಂದು ಕಟ್ಟಿಗೆ ಅದರ ಮೇಲೆ ಏಳು. ಹಾಗಾಗಿ ಪಕ್ಕದವರು ಹಸಿರನ್ನು ಕೂಡಿಡುತ್ತಿದ್ದರೆ ಒಂದು ಹಸಿರೆಲೆಯನ್ನು ನೀವು ತಡೆದು ಹಿಡಿಯುವುದೂ ಆಟವೇ. ಇಪ್ಪತ್ತೆಂಟು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಂಟು ಜನ ಬಂದ ದಿನ ಈ ಆಟದಲ್ಲಿ ಒಬ್ಬರಿಗೆ ಜಾಗವಿರುವುದಿಲ್ಲ ಎಂಬುದನ್ನು ಗಮನಿಸಿ. ನಿಮ್ಮಲ್ಲಿ ಹೆಚ್ಚಿನ ಭಾನುವಾರಗಳು ಆರು-ಏಳು ಜನರವಾದರೆ ಸೆವೆನ್ ವಂಡರ್ಸ್, ಎಂಟೇ ಹೆಚ್ಚಾದರೆ ಅಜುಲ್. ಆಗ ಒಂದು ಮೇಜಿನಲ್ಲಿ ಅದು, ಇನ್ನೊಂದರಲ್ಲಿ ದ ಕ್ರೂ.

ಅರ್ಧ ಬೆಲೆಯವನ್ನು ನಂಬಬೇಡಿ. ಜನಪ್ರಿಯ ಆಟಗಳ ನಕಲಿ ಪ್ರತಿಗಳು ಆನ್‌ಲೈನಿನಲ್ಲಿ ಸಾಕಷ್ಟಿವೆ; ಎಲೆಗಳು ತೆಳ್ಳಗಿರುತ್ತವೆ, ಹಿಂಬದಿಯ ಬಣ್ಣ ಒಂದರಂತೆ ಇನ್ನೊಂದಿರುವುದಿಲ್ಲ, ಮರದ ಕಾಯಿಗಳ ಬಣ್ಣ ಕೈಗಂಟುತ್ತದೆ. ಹಿಂಬದಿಯಿಂದಲೇ ಎಲೆ ಗುರುತು ಸಿಕ್ಕಿದರೆ ದ ಕ್ರೂನಂಥ ಆಟ ಕೆಟ್ಟಂತೆಯೇ. ಪ್ರಕಾಶಕರ ಭಾರತದ ವಿತರಕರು ಯಾರೆಂದು ನೋಡಿಕೊಂಡು ಅವರ ಮೂಲಕ ಬಂದದ್ದನ್ನೇ ಕೊಳ್ಳಿ, ಇಲ್ಲವೇ ಒಮ್ಮೆ ಆಡಿ ಮಾರುವವರಿಂದ ಪೆಟ್ಟಿಗೆಯನ್ನು ಕಣ್ಣಾರೆ ನೋಡಿ ಪಡೆಯಿರಿ. ಸೆವೆನ್ ವಂಡರ್ಸ್‌ನ ಎಲೆಗಳು 65 ಮಿಲಿಮೀಟರ್ ಅಗಲ, 100 ಮಿಲಿಮೀಟರ್ ಉದ್ದದವು, ಎಲೆ ಸವೆಯದಂತೆ ಹಾಕುವ ಇಸ್ಪೀಟಿನ ಅಳತೆಯ ಪ್ಲಾಸ್ಟಿಕ್ ಹೊದಿಕೆಗಳು ಅವಕ್ಕೆ ಆಗುವುದಿಲ್ಲ. ಹೊದಿಕೆ ತರಿಸುವುದಾದರೆ ಅಳತೆ ಹೇಳಿಯೇ ತರಿಸಿ. ಎಲ್ಲರ ಕೈಯಲ್ಲೂ ಹೆಚ್ಚು ಓಡಾಡುವುದು ಸೆಕ್ಸ್ ನಿಮ್ಟ್ ಮತ್ತು ದ ಕ್ರೂ, ಆದ್ದರಿಂದ ಹೊದಿಕೆಗೆ ಇಡುವ ಹಣವನ್ನು ಮೊದಲು ಅವೆರಡಕ್ಕೇ ಖರ್ಚು ಮಾಡಿ.